ನಿಂಬೆ ಗಿಡಕ್ಕೆ ಆರು ಹಿಡಿ

ನಮ್ಮ ಬೀದಿಯಲ್ಲಿ ಗಿಡವಿಲ್ಲದ ಮನೆ ಹುಡುಕಿದರೂ ಸಿಗುವುದಿಲ್ಲ. ಅಂಗಳವಿದ್ದವರು ನೆಲದಲ್ಲಿ, ಇಲ್ಲದವರು ಕುಂಡದಲ್ಲಿ, ಕುಂಡವೂ ಇಲ್ಲದವರು ಒಡೆದ ಬಕೆಟ್ಟಿನಲ್ಲಿ ಏನಾದರೊಂದು ಬೆಳೆಸುತ್ತಾರೆ. ಯಾರ ಗಿಡದ ಎಲೆ ಹಳದಿಯಾದರೂ ಬೀದಿಗೆ ಬೀದಿಯೇ ಹೇಳುವ ಮಾತು ಒಂದೇ: "ಸ್ವಲ್ಪ ಗೊಬ್ಬರ ಹಾಕಿ ನೋಡಿ." ಎಲೆ ಯಾಕೆ ಹಳದಿಯಾಯಿತು ಎಂದು ಯಾರೂ ಕೇಳುವುದಿಲ್ಲ. ಯಾವ ಗೊಬ್ಬರ, ಎಷ್ಟು, ಯಾವಾಗ ಎಂದು ಕೇಳುವವರಂತೂ ಇಲ್ಲವೇ ಇಲ್ಲ. ಆ ಒಂದು ಮಾತಿನಿಂದ ಬೀದಿಯ ಕೊನೆಯ ಲಾಂಡ್ರಿಯ ಮನೆಯಲ್ಲಿ ಏನಾಯಿತು ಎಂಬುದನ್ನು ಇಲ್ಲಿ ಬರೆದಿದೆ. ಗುಂಪಿನಲ್ಲಿ ಓದುವಾಗ ನಿಧಾನವಾಗಿ ಓದಿ. ಹಿಂದೆ ಕುಳಿತವರಿಗೂ ಕೇಳಲಿ.

ಆ ಲಾಂಡ್ರಿಯ ಮುಂದೆ ಇಸ್ತ್ರಿ ಮೇಜು, ಹಿಂದೆ ಬಟ್ಟೆ ಒಗೆಯುವ ಕಲ್ಲು, ನಡುವೆ ಒಂದೂವರೆ ಕೋಣೆಯ ಮನೆ. ಇಸ್ತ್ರಿ ಮಾಡುವವನನ್ನು ಎಲ್ಲರೂ ಗರಿಗರಿಯಣ್ಣ ಎಂದು ಕರೆಯುತ್ತಾರೆ. ಬಟ್ಟೆಗೆ ಗಂಜಿ ಹಾಕುವುದರಲ್ಲಿ ಅವನ ಕೈ ಸ್ವಲ್ಪ ಜೋರು. ಅವನು ಮಡಿಸಿ ಕೊಟ್ಟ ಅಂಗಿ ಒಳಗೆ ಮನುಷ್ಯನಿಲ್ಲದೆಯೂ ನಿಲ್ಲುತ್ತದೆ ಎಂದು ಎದುರು ಅಂಗಡಿಯ ದರ್ಜಿ ತಮಾಷೆ ಮಾಡುವುದುಂಟು. ಬಟ್ಟೆ ಮೆತ್ತಗಾಯಿತೆಂದರೆ ಇನ್ನೊಂದು ಹಿಡಿ ಗಂಜಿಪುಡಿ. ಆಗಲೂ ಮೆತ್ತಗಿದ್ದರೆ ಮತ್ತೊಂದು ಹಿಡಿ. ಮೂವತ್ತು ವರ್ಷ ಅವನು ಕೆಲಸ ಮಾಡಿದ ರೀತಿ ಇದು. ಅಳತೆ ಎಂದರೆ ಅವನಿಗೆ ತನ್ನ ಮುಷ್ಟಿಯೇ.

ಹಿತ್ತಿಲಿನಲ್ಲಿ, ಬಟ್ಟೆ ಒಣಹಾಕುವ ತಂತಿಗಳ ಆಚೆ, ಅರ್ಧಕ್ಕೆ ಕೊಯ್ದ ನೀಲಿ ಡ್ರಮ್ಮಿನಲ್ಲಿ ಒಂದು ನಿಂಬೆ ಗಿಡವಿದೆ. ಅದನ್ನು ನೆಟ್ಟವಳು ಗರಿಗರಿಯಣ್ಣನ ಒಬ್ಬಳೇ ಮಗಳು. ಹನ್ನೆರಡು ವರ್ಷದವಳಿದ್ದಾಗ, ಶರಬತ್ತಿಗೆ ಹಿಂಡಿದ ಹಣ್ಣಿನ ಬೀಜವೊಂದನ್ನು ಖಾಲಿ ಡಬ್ಬದ ಮಣ್ಣಿನಲ್ಲಿ ಊರಿದ್ದಳು. ಮೊಳಕೆ ಕಂಡ ದಿನ ಅದನ್ನೇ ನೋಡುತ್ತಾ ಕುಳಿತು ಶಾಲೆಗೆ ತಡವಾಗಿ ಹೋಗಿ ಬೈಸಿಕೊಂಡಿದ್ದಳು. ಹದಿನೇಳನೆಯ ವಯಸ್ಸಿನಲ್ಲಿ ಅವಳಿಗೆ ಕಾಯಿಲೆಯಾಯಿತು. ಐದು ತಿಂಗಳು ಮಲಗಿದ್ದು ತೀರಿಕೊಂಡಳು. ಅದಾಗಿ ನಾಲ್ಕು ವರ್ಷ. ಗಿಡಕ್ಕೆ ಈಗ ಒಂಬತ್ತು.

ಗಿಡವನ್ನು ನೋಡಿಕೊಳ್ಳುತ್ತಿದ್ದವಳು ಹುಡುಗಿಯ ತಾಯಿ. ಗರಿಗರಿಯಣ್ಣ ಅದನ್ನು ಮುಟ್ಟುತ್ತಿರಲಿಲ್ಲ. ಪ್ರೀತಿ ಇಲ್ಲ ಎಂದಲ್ಲ. ಒದ್ದೆ ಹೊದಿಕೆಗಳನ್ನು ತಂತಿಗೆ ಹಾಕುವಾಗ ಅವು ಗಿಡಕ್ಕೆ ತಾಗದಂತೆ ಮೊಣಕೈಯಿಂದ ಆಚೆ ತಳ್ಳುತ್ತಿದ್ದ. ಮಗಳ ವಿಷಯ ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಗಿಡದ ವಿಷಯ ಮಾತ್ರ ಮಾತಾಡುತ್ತಿದ್ದರು.

ಈ ವರ್ಷ ಆ ಗಿಡ ಮೊದಲ ಬಾರಿಗೆ ಮೊಗ್ಗು ಬಿಟ್ಟಿತು. ಎಣಿಸಿದರೆ ಇಪ್ಪತ್ತಮೂರು. ಹೆಂಡತಿ ದಿನವೂ ಎಣಿಸುತ್ತಿದ್ದಳು. ಮೊಗ್ಗು ಅರಳುವ ಮೊದಲೇ ಅವಳ ತಾಯಿ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳೆಂದು ಸುದ್ದಿ ಬಂತು. ಅವಳು ಐದು ವಾರಕ್ಕೆಂದು ಹೊರಟು ನಿಂತಳು. ಬಸ್ಸಿಗೆ ಹೋಗುವ ಮುಂಚೆ ಗಂಡನನ್ನು ಡ್ರಮ್ಮಿನ ಬಳಿಗೆ ಕರೆದು, ದಿನಕ್ಕೆ ಎರಡು ಚೊಂಬು ನೀರು, ಬೆಳಗ್ಗೆ, ಇನ್ನೇನೂ ಬೇಡ ಎಂದಳು. ಅವನು ತಲೆಯಾಡಿಸಿದ.

"ಇನ್ನೇನೂ ಬೇಡ ಅಂದೆ. ಕೇಳಿಸ್ತಾ?"

"ಕೇಳಿಸ್ತು ಕಣೇ. ನೀನು ಹೊರಡು, ಬಸ್ಸು ಹೋಗುತ್ತೆ."

ಒಂದು ವಾರ ಎಲ್ಲವೂ ಚೆನ್ನಾಗಿತ್ತು. ಮೊಗ್ಗುಗಳು ಅರಳಿದವು. ಹಿತ್ತಿಲಿಗೆಲ್ಲ ವಾಸನೆ. ಆಮೇಲೆ ಕೆಳಗಿನ ನಾಲ್ಕೈದು ಎಲೆ ಹಳದಿಯಾಗಿ ಉದುರಿದವು. ಇದು ಕಾಯಿಲೆಯಲ್ಲ. ಹಳೆಯ ಎಲೆ ಉದುರುವುದು ಗಿಡದ ಸ್ವಭಾವ. ಗರಿಗರಿಯಣ್ಣನಿಗೆ ಅದು ಗೊತ್ತಿರಲಿಲ್ಲ. ಅವನು ಹೆದರಿ ದರ್ಜಿಯನ್ನು ಕರೆದು ತೋರಿಸಿದ. ದರ್ಜಿ ಬೀದಿಯ ಮಾತನ್ನೇ ಹೇಳಿದ. ಬಟ್ಟೆ ಕೊಡಲು ಬಂದ ಲಾರಿ ಓಡಿಸುವ ಗಿರಾಕಿ, ತನ್ನ ಹತ್ತಿರ ಒಳ್ಳೆಯ ಮಾಲು ಇದೆ, ಹೊಲಕ್ಕೆ ಹಾಕುವುದು, ಇದು ಬಿದ್ದರೆ ಕಾಯಿ ಹೊರಲಾರದೆ ಕೊಂಬೆ ಬಗ್ಗುತ್ತದೆ ಎಂದು ಹೇಳಿ, ಮಾರನೆಯ ದಿನ ಒಂದು ಪೊಟ್ಟಣ ತಂದುಕೊಟ್ಟ. ಬೂದು ಬಣ್ಣದ ಹರಳು. ಪೊಟ್ಟಣದ ಮೇಲೆ ಒಂದಕ್ಷರವೂ ಇರಲಿಲ್ಲ. ಗರಿಗರಿಯಣ್ಣ ಅದನ್ನು ಒಂದು ಡಬ್ಬಕ್ಕೆ ಸುರಿದು ಗಂಜಿಪುಡಿಯ ಡಬ್ಬದ ಪಕ್ಕದಲ್ಲೇ ಇಟ್ಟುಕೊಂಡ.

ಹೆಂಡತಿ ವಾಪಸು ಬಂದಾಗ ಗಿಡದ ತುಂಬ ಕಾಯಿ ಇರಬೇಕು. ಅವನ ಮನಸ್ಸಿನಲ್ಲಿದ್ದದ್ದು ಇಷ್ಟೇ.

ಮೊದಲ ವಾರ ಒಂದು ಹಿಡಿ ಹಾಕಿದ. ಕೆಲಸವೆಲ್ಲ ಮುಗಿಸಿ ಮಧ್ಯಾಹ್ನದ ಬಿಸಿಲಿನಲ್ಲಿ, ಬೆಳಗಿನ ನೀರು ಆರಿ ಒಣಗಿದ ಮಣ್ಣಿನ ಮೇಲೆ, ಕಾಂಡಕ್ಕೆ ತಾಗಿದಂತೆ ಸುರಿದ. ವಾರ ಕಳೆಯಿತು. ಎಲೆಯ ತುದಿ ಕಂದಾಗಿ ಸುಟ್ಟಂತಾಯಿತು. ಒಂದು ಹಿಡಿ ಸಾಲಲಿಲ್ಲ ಎಂದುಕೊಂಡು ಎರಡು ಹಿಡಿ ಹಾಕಿದ. ಹೂವು ಉದುರತೊಡಗಿತು. ಮೂರನೆಯ ವಾರ ಮೂರು ಹಿಡಿ ಹಾಕಿದ. ಗಂಜಿ ಹಿಡಿಯದ ಬಟ್ಟೆಗೆ ಅವನು ಮಾಡುತ್ತಿದ್ದದ್ದೂ ಅದೇ ತಾನೇ.

ನಾಲ್ಕು ದಿನ ಕಳೆಯುವಷ್ಟರಲ್ಲಿ ಮೇಲಿನ ಕೊಂಬೆಗಳ ಎಲೆಗಳೆಲ್ಲ ದೋಣಿಯ ಹಾಗೆ ಮಡಿಚಿಕೊಂಡು ಒಣಗಿದವು. ಇಪ್ಪತ್ತಮೂರು ಹೂವುಗಳಲ್ಲಿ ಒಂದೂ ನಿಲ್ಲಲಿಲ್ಲ. ಹೆಂಡತಿ ಬರಲು ಇನ್ನು ಹತ್ತು ದಿನ ಉಳಿದಿತ್ತು.

ಗರಿಗರಿಯಣ್ಣ ಅಂಗಡಿಯ ಬಾಗಿಲು ತೆರೆದಿಟ್ಟು ಸುಮ್ಮನೆ ಕುಳಿತುಬಿಟ್ಟ. ತನ್ನ ಮಾತಿನಿಂದಲೇ ಹೀಗಾಯಿತಲ್ಲ ಎಂದು ದರ್ಜಿ ಮಿಷನ್ನು ಬಿಟ್ಟು ಎದ್ದ. ಅವನು ಬಂದು ಒಂದು ದಾರಿ ಹೇಳಿದ. ಹುಳ ಬಿದ್ದಿತ್ತು ಎಂದು ಹೇಳಿಬಿಡು, ಹುಳದ ಮೇಲೆ ಯಾರು ಸಿಟ್ಟು ಮಾಡುತ್ತಾರೆ, ಅಂತ. ಗರಿಗರಿಯಣ್ಣ ಬೇಡ ಎನ್ನಲಿಲ್ಲ.

ಆ ಸಂಜೆ ಪಾರ್ಕಕ್ಕ ತನ್ನ ಸಮವಸ್ತ್ರ ತೆಗೆದುಕೊಂಡು ಹೋಗಲು ಬಂದಳು. ಊರಿನ ದೊಡ್ಡ ಪಾರ್ಕಿನಲ್ಲಿ ಗಿಡ ನೋಡಿಕೊಳ್ಳುವ ಕೆಲಸ ಅವಳದು. ಇಪ್ಪತ್ತೆರಡು ವರ್ಷದ ಕೆಲಸ. ಅವಳ ಬಟ್ಟೆಯಲ್ಲಿ ಯಾವಾಗಲೂ ಮಣ್ಣು. ಇದನ್ನು ಇಸ್ತ್ರಿ ಮಾಡುವುದಕ್ಕಿಂತ ಇದರಲ್ಲಿ ಸೊಪ್ಪು ಬಿತ್ತುವುದು ಸುಲಭ ಎಂದು ಗರಿಗರಿಯಣ್ಣ ಪ್ರತಿಸಲ ರೇಗಿಸುತ್ತಿದ್ದ. ಅವತ್ತು ರೇಗಿಸಲಿಲ್ಲ. ಬಟ್ಟೆ ಇನ್ನೂ ಆಗಿಲ್ಲ ಎಂದಷ್ಟೇ ಹೇಳಿದ. ಅವಳು ಅವನ ಮುಖ ನೋಡಿದಳು. ಆಮೇಲೆ ತೆರೆದಿದ್ದ ಹಿಂಬಾಗಿಲಿನಿಂದ ಆಚೆ ನೋಡಿದಳು. ಚಪ್ಪಲಿ ಬಿಟ್ಟು ನೇರವಾಗಿ ಹಿತ್ತಿಲಿಗೆ ನಡೆದಳು.

ಬೆರಳನ್ನು ಮಣ್ಣಿನೊಳಗೆ ಎರಡನೆಯ ಗೆಣ್ಣಿನವರೆಗೆ ಇಳಿಸಿದಳು. ಡ್ರಮ್ಮಿನ ಅಂಚಿನಲ್ಲಿ ಉಪ್ಪಿನ ಹಾಗೆ ಬೆಳ್ಳಗೆ ಕಟ್ಟಿಕೊಂಡಿದ್ದನ್ನು ಉಗುರಿನಿಂದ ಕೆರೆದಳು. ಕಾಂಡದ ಬುಡದಲ್ಲಿ ಇನ್ನೂ ಕರಗದೆ ಬಿದ್ದಿದ್ದ ಹರಳುಗಳನ್ನು ನೋಡಿದಳು.

"ಎಷ್ಟು ಹಾಕಿದ್ರಿ ಅಣ್ಣಾ?"

ಅವನು ಹೇಳಿದ. ಯಾವ ಗೊಬ್ಬರ ಎಂದು ಕೇಳಿದಳು. ಗೊತ್ತಿಲ್ಲ ಎಂದ. ಡಬ್ಬ ತೋರಿಸಿದಾಗ ಅವಳು ಮೊದಲು ಮಾಡಿದ ಕೆಲಸ ಅದನ್ನು ಗಂಜಿ ಡಬ್ಬದ ಪಕ್ಕದಿಂದ ಎತ್ತಿ ಬೇರೆ ಇಟ್ಟದ್ದು. ಹೆಸರಿಲ್ಲದ ಗೊಬ್ಬರವನ್ನು ಮನೆ ಸಾಮಾನಿನ ಜೊತೆ ಇಟ್ಟರೆ, ಒಂದಲ್ಲ ಒಂದು ದಿನ ಯಾರದೋ ಕೈ ತಪ್ಪುತ್ತದೆ, ಅದು ಗಿಡಕ್ಕೆ ಆಗುವ ತಪ್ಪಿಗಿಂತ ದೊಡ್ಡದು ಎಂದಳು.

ಗರಿಗರಿಯಣ್ಣನಿಗೆ ಆಗಲೂ ತಾನು ಮಾಡಿದ್ದು ತಪ್ಪು ಎನ್ನಿಸಿರಲಿಲ್ಲ. ತಡವಾಗಿ ಕೊಟ್ಟೆ ಎಂದೇ ಅವನ ಲೆಕ್ಕಾಚಾರ.

"ಹಸಿದಿತ್ತು ಕಣಮ್ಮ, ಎಲೆ ಹಳದಿಯಾಗಿತ್ತು. ಹಸಿದೋರಿಗೆ ಹಾಕೋದೂ ತಪ್ಪಾ?"

"ಹಸಿದಿತ್ತು ಅಂತ ಯಾರು ಹೇಳಿದ್ದು?"

"ಎಲ್ರೂ ಹೇಳಿದ್ರು."

"ಗಿಡ ಹೇಳ್ತಾ?"

ಅವನು ಗೋಡೆಯ ಕಡೆ ತಿರುಗಿದ. ಅವಳು ಒಗೆಯುವ ಕಲ್ಲಿನ ಮೇಲೆ ಕುಳಿತು ನಿಧಾನವಾಗಿ ಹೇಳಿದಳು. ನೀರು ಹೆಚ್ಚಾದರೂ ಎಲೆ ಹಳದಿಯಾಗುತ್ತದೆ, ಕಡಿಮೆಯಾದರೂ ಆಗುತ್ತದೆ, ವಯಸ್ಸಾದರೂ ಆಗುತ್ತದೆ. ಹಸಿವು ಹತ್ತು ಕಾರಣಗಳಲ್ಲಿ ಒಂದು. ಇಂಥ ಹರಳು ಗೊಬ್ಬರ ಎಂದರೆ ಒಂಥರಾ ಉಪ್ಪು. ಹದವಾಗಿದ್ದರೆ ನೀರಿನಲ್ಲಿ ಕರಗಿ ಬೇರಿಗೆ ಸೇರುತ್ತದೆ. ಅತಿಯಾದರೆ, ಬೇರು ನೀರು ಕುಡಿಯುವ ಬದಲು, ಮಣ್ಣೇ ಬೇರಿನ ನೀರನ್ನು ಹೀರಿಕೊಳ್ಳುತ್ತದೆ. ಗಿಡ ನೀರಿನ ನಡುವೆಯೇ ಬಾಯಾರಿ ಒಣಗುತ್ತದೆ. ಎಲೆಯ ತುದಿ ಸುಡುವುದು ಅದಕ್ಕೇ. ಇಷ್ಟು ಹೇಳಿದರೂ ಅವನು ಗೋಡೆಯನ್ನೇ ನೋಡುತ್ತಿದ್ದ. ಉಪ್ಪು ನಾನು ಹಾಕಿಲ್ಲ, ಗೊಬ್ಬರ ಹಾಕಿದ್ದೇನೆ ಎಂದ.

ಪಾರ್ಕಕ್ಕ ಎದ್ದಳು. ಗಿಡದ ಬುಡಕ್ಕೆ ಎರಡು ಚೊಂಬು ನೀರು ಹಾಕಿದಳು. ಡ್ರಮ್ಮಿನ ಅಡಿಯ ತೂತಿನಿಂದ ನೀರು ಬರಲಿಲ್ಲ. ತೂತು ಮಣ್ಣಿನಿಂದ ಮುಚ್ಚಿಹೋಗಿತ್ತು. ಅವನ ಅಂಗಡಿಯ ತಂತಿ ಹ್ಯಾಂಗರ್ ಒಂದನ್ನು ನೇರ ಮಾಡಿಸಿಕೊಂಡು ತೂತು ಚುಚ್ಚಿದಳು. ಕಂದು ಬಣ್ಣದ ನೀರು ಸಣ್ಣಗೆ ಇಳಿಯಿತು. ಅದನ್ನು ಒಂದು ಬಟ್ಟಲಿನಲ್ಲಿ ಹಿಡಿದಳು. ಇನ್ನೊಂದು ಬಟ್ಟಲಿನಲ್ಲಿ ನಲ್ಲಿಯ ನೀರು ಹಿಡಿದಳು. ಇಸ್ತ್ರಿ ಪೆಟ್ಟಿಗೆ ಕಾಯಿಸಿ ಅದರ ಮೇಲೆ ಒಂದು ಕಪ್ಪು ತಗಡಿನ ಮುಚ್ಚಳ ಇಡಲು ಹೇಳಿ, ಒಂದು ಬದಿಗೆ ಈ ನೀರಿನ ನಾಲ್ಕು ಹನಿ, ಇನ್ನೊಂದು ಬದಿಗೆ ಆ ನೀರಿನ ನಾಲ್ಕು ಹನಿ ಅವನ ಕೈಯಿಂದಲೇ ಹಾಕಿಸಿದಳು.

ಎರಡೂ ಚುರ್ರೆಂದು ಆರಿದವು. ನಲ್ಲಿ ನೀರು ಬಿದ್ದ ಕಡೆ ಏನೂ ಕಾಣಲಿಲ್ಲ. ಡ್ರಮ್ಮಿನ ನೀರು ಬಿದ್ದ ಕಡೆ ದಪ್ಪ ಬಿಳಿ ಕಲೆ ಉಳಿಯಿತು.

ಮೂವತ್ತು ವರ್ಷದಿಂದ ಇಸ್ತ್ರಿಯ ಕಲೆ ನೋಡಿದವನು ಅವನು. ಯಾವ ಕಲೆ ಯಾವುದರಿಂದ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುಚ್ಚಳವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಬೆರಳಿನಿಂದ ಉಜ್ಜಿದ. ಪುಡಿ ಬೆರಳಿಗೆ ಅಂಟಿತು.

"ಇದನ್ನ ಕುಡಿಸಿದೀನಾ ನಾನು," ಎಂದ.

ಅವಳು ಸಮಾಧಾನದ ಮಾತು ಹೇಳಲಿಲ್ಲ. ಕೆಲಸದ ಮಾತು ಹೇಳಿದಳು.

"ಅಣ್ಣಾ, ಒಂದು ಬಟ್ಟೆಗೆ ಗಂಜಿ ವಿಪರೀತ ಆಯ್ತು ಅಂತಿಟ್ಕೊಳ್ಳಿ. ಏನು ಮಾಡ್ತೀರಿ?"

"ಜಾಲಿಸ್ತೀನಿ."

"ಎಷ್ಟು ಸಲ?"

"ನೀರು ತಿಳಿಯಾಗೋವರೆಗೆ."

"ಅಷ್ಟೇ. ಮಣ್ಣನ್ನೂ ಹಾಗೇ ಜಾಲಿಸ್ಬೇಕು. ಹಿಂಡೋಕೆ ಮಾತ್ರ ಹೋಗ್ಬೇಡಿ."

ಅವನು ನಗಲಿಲ್ಲ. ಆದರೆ ಪಂಚೆ ಮೇಲೆ ಕಟ್ಟಿಕೊಂಡ.

ಮೊದಲು ಮೇಲಿನ ಒಂದು ಬೆರಳು ದಪ್ಪದ ಮಣ್ಣನ್ನು, ಕರಗದ ಹರಳಿನ ಸಮೇತ, ಬೇರಿಗೆ ತಾಗದಂತೆ ಕೆರೆದು ತೆಗೆದರು. ಮೋರಿಗೆ ಹಾಕಲು ಹೋದವನನ್ನು ಪಾರ್ಕಕ್ಕ ತಡೆದಳು. ಮೋರಿಗೆ ಹೋದದ್ದು ಕೆರೆಗೋ ಬಾವಿಗೋ ಸೇರುತ್ತದೆ, ಅಲ್ಲಿ ಪಾಚಿ ಬೆಳೆಸುತ್ತದೆ, ಕುಡಿಯುವ ನೀರು ಕೆಡುತ್ತದೆ. ಆ ಮಣ್ಣನ್ನು ತಾನೇ ಚೀಲದಲ್ಲಿ ಕಟ್ಟಿಟ್ಟಳು, ಪಾರ್ಕಿನ ದೊಡ್ಡ ಹುಲ್ಲುಹಾಸಿನ ಮೇಲೆ ತೆಳ್ಳಗೆ ಎರಚಿಬಿಡುತ್ತೇನೆ ಎಂದಳು. ಆಮೇಲೆ ದರ್ಜಿಯನ್ನೂ ಕರೆದು, ಮೂವರೂ ಸೇರಿ ಡ್ರಮ್ಮನ್ನು ಎತ್ತಿ ನಾಲ್ಕು ಇಟ್ಟಿಗೆಗಳ ಮೇಲೆ ಕೂರಿಸಿದರು. ನೀರು ಸಲೀಸಾಗಿ ಕೆಳಗಿಳಿಯಲು ಜಾಗವಾಯಿತು.

ನೀರು ಹಾಕುವ ಕೆಲಸ ಗರಿಗರಿಯಣ್ಣನೇ ಮಾಡಿದ. ಒಂದು ಕೊಡ ಸುರಿಯುವುದು, ಅದು ಪೂರ್ತಿ ಇಳಿಯುವವರೆಗೆ ಕಾಯುವುದು, ಕೆಳಗೆ ಹಿಡಿದ ನೀರನ್ನು ಬೇಲಿಯಾಚೆಯ ಬಯಲಿನಲ್ಲಿ ಅಲ್ಲಲ್ಲಿ ಚೆಲ್ಲುವುದು, ಮತ್ತೆ ಒಂದು ಕೊಡ. ಡ್ರಮ್ಮಿನಲ್ಲಿ ಎಷ್ಟು ಮಣ್ಣಿದೆಯೋ ಅದರ ಮೂರರಷ್ಟು ನೀರು ಹೋಗಬೇಕು ಎಂದಿದ್ದಳು ಪಾರ್ಕಕ್ಕ. ಗಿಡ ಕೊಳೆಯುವುದಿಲ್ಲವೇ ಎಂದು ಅವನಿಗೆ ಅನುಮಾನ. ಇಳಿದು ಹೋಗುವ ನೀರಿಗೆ ಕೊಳೆಯುವುದಿಲ್ಲ, ನಿಂತ ನೀರಿಗೆ ಕೊಳೆಯುತ್ತದೆ ಎಂದಳು ಅವಳು. ಅವತ್ತೂ ಮಾರನೆಯ ದಿನವೂ ಸೇರಿ ಇಪ್ಪತ್ತು ಕೊಡ ಹಾಕಿದ. ಕೊನೆಯ ಕೊಡದ ನೀರು ತಿಳಿಯಾಗಿ ಇಳಿಯಿತು. ಮತ್ತೆ ಮುಚ್ಚಳ ಕಾಯಿಸಿ ಹನಿ ಹಾಕಿ ನೋಡಿದ. ಕಲೆ ಇದೆಯೋ ಇಲ್ಲವೋ ಅನ್ನುವಷ್ಟಿತ್ತು.

"ಇನ್ನೇನು ಹಾಕ್ಲಿ?" ಎಂದು ಆ ಸಂಜೆ ಗಿಡ ನೋಡಲು ಬಂದ ಪಾರ್ಕಕ್ಕನನ್ನು ಕೇಳಿದ.

"ಏನೂ ಹಾಕ್ಬೇಡಿ."

"ಏನೂ ಅಂದ್ರೆ?"

"ಏನೂ ಅಂದ್ರೆ ಏನೂ. ಮಣ್ಣು ಒಣಗಿದಾಗ ನೀರು. ಮಧ್ಯಾಹ್ನ ಒಂದು ಹಳೆ ಸೀರೆ ಮರೆ. ಬದುಕೋದು ಬಿಡೋದು ಅದರ ಕೈಲಿದೆ. ಸುಸ್ತಾದ ಗಿಡಕ್ಕೆ ಗೊಬ್ಬರ ಕೊಡಬಾರದು ಅಣ್ಣಾ. ಅದಾಗೇ ಹೊಸ ಚಿಗುರು ಬಿಟ್ಟ ಮೇಲೆ ಕೊಡೋದು."

ಹೋಗುವಾಗ ಬಾಗಿಲಲ್ಲಿ ನಿಂತು, ಅತ್ತಿಗೆಗೆ ಏನು ಹೇಳುತ್ತೀರಿ ಎಂದು ಕೇಳಿದಳು. ಅಲ್ಲೇ ಇದ್ದ ದರ್ಜಿ ಹುಳದ ವಿಷಯ ಹೇಳಿದ. ಪಾರ್ಕಕ್ಕ ಗಿಡದ ಕಡೆ ಕೈ ತೋರಿಸಿದಳು. ಹುಳ ಅಂದರೆ ಅವಳು ಔಷಧಿ ಸಿಂಪಡಿಸುತ್ತಾಳೆ, ಸುಟ್ಟ ಗಿಡದ ಮೇಲೆ ಔಷಧಿ ಬಿದ್ದರೆ ಉಳಿದದ್ದೂ ಹೋಗುತ್ತದೆ ಎಂದಳು.

ಹತ್ತನೆಯ ದಿನ ಹೆಂಡತಿ ಬಂದಳು. ಚೀಲವನ್ನು ಇಸ್ತ್ರಿ ಮೇಜಿನ ಮೇಲಿಟ್ಟು, ನೀರು ಕುಡಿಯದೆ, ಕಾಲು ತೊಳೆಯದೆ ಹಿತ್ತಿಲಿಗೆ ಹೋದಳು. ಅಲ್ಲಿ ಅರ್ಧ ಗಿಡ ಬೋಳಾಗಿ ನಿಂತಿತ್ತು. ಕೆಳಗಿನ ಎರಡು ಕೊಂಬೆಗಳಲ್ಲಿ ಮಾತ್ರ ಹಸಿರು ಉಳಿದಿತ್ತು. ಅವಳು ಒಂದು ಒಣ ಎಲೆಯನ್ನು ಕೈಯಲ್ಲಿ ಹಿಡಿದುಕೊಂಡು ತಿರುಗಿಸಿ ನೋಡಿದಳು. ಗಂಡ ಬಾಗಿಲಲ್ಲಿ ನಿಂತಿದ್ದ.

"ಹುಳ ಬಿತ್ತಾ?" ಎಂದು ಅವಳೇ ಕೇಳಿದಳು.

ಹೌದು ಎಂದರೆ ಮುಗಿದುಹೋಗುತ್ತಿತ್ತು. ಎದುರು ಅಂಗಡಿಯಲ್ಲಿ ದರ್ಜಿಯ ಮಿಷನ್ನಿನ ಸದ್ದು ನಿಂತಿತ್ತು.

"ಇಲ್ಲ," ಎಂದ ಗರಿಗರಿಯಣ್ಣ. "ಹುಳ ಅಲ್ಲ. ನಾನು. ಗೊಬ್ಬರ ಹಾಕ್ದೆ."

"ಇನ್ನೇನೂ ಬೇಡ ಅಂದಿದ್ದೆ."

"ಅಂದಿದ್ದೆ."

"ಎಷ್ಟು ಹಾಕಿದ್ರಿ?"

ಅವನು ಮುಷ್ಟಿ ಕಟ್ಟಿ ತೋರಿಸಿದ. ಇಂಥವು ಆರು ಎಂದ. ಅವಳು ಆ ಮುಷ್ಟಿಯನ್ನು ನೋಡಿದಳು. ಒಳಗೆ ಹೋಗಿ ಒಲೆ ಹಚ್ಚಿದಳು.

ಎರಡು ದಿನ ಅವಳು ಅವನ ಜೊತೆ ಮಾತಾಡಲಿಲ್ಲ. ಅಡುಗೆ ಮಾಡಿದಳು, ಬಡಿಸಿದಳು, ಒಗೆದಳು, ಒಣಹಾಕಿದಳು. ಅವನು ಮಧ್ಯಾಹ್ನ ಗಿಡಕ್ಕೆ ಸೀರೆ ಮರೆ ಕಟ್ಟುವುದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಸಂಜೆ ಬಿಚ್ಚುವುದನ್ನೂ ನೋಡಿದಳು. ಅವನು ಮಣ್ಣಿನಲ್ಲಿ ಬೆರಳಿಟ್ಟು ನೋಡಿ, ನೀರು ಹಾಕದೆಯೇ ಎದ್ದು ಬಂದ ದಿನ ಒಂದು ಕ್ಷಣ ಕೆಲಸ ನಿಲ್ಲಿಸಿದಳು.

ಮೂರನೆಯ ದಿನ ಬೆಳಗ್ಗೆ, ಅವನು ಗಿಡದ ಹತ್ತಿರ ಕುಕ್ಕರುಗಾಲಿನಲ್ಲಿ ಕುಳಿತಿದ್ದಾಗ, ಅವಳು ಬಂದು ಒಗೆಯುವ ಕಲ್ಲಿನ ಮೇಲೆ ಕುಳಿತಳು.

"ಕೊನೇ ತಿಂಗಳು ಅವಳಿಗೆ ಏನೂ ಸೇರ್ತಿರ್ಲಿಲ್ಲ," ಎಂದಳು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವಳು ಮಗಳ ವಿಷಯ ಎತ್ತಿದ್ದಳು. "ನರ್ಸು ಹೇಳಿದ್ರು, ಕೇಳಿದಾಗ ಕೊಡಿ, ಕೇಳದೇ ಇದ್ರೆ ಬಿಡಿ ಅಂತ. ನೀವು ಅಂಗಡೀಲಿರ್ತಿದ್ರಿ. ಅವಳು ಬೇಡಮ್ಮಾ ಬೇಡಮ್ಮಾ ಅಂತಿದ್ಲು, ನಾನು ತುತ್ತು ಇಡ್ತಿದ್ದೆ. ಕೈ ಸುಮ್ನಿರ್ತಿರ್ಲಿಲ್ಲ. ಅದರಿಂದ ಅವಳು ಹೋಗ್ಲಿಲ್ಲ, ಗೊತ್ತು. ಆದ್ರೆ ಅವಳಿಗೆ ಕಷ್ಟ ಆಗ್ತಿತ್ತು. ನನಗೋಸ್ಕರ ನುಂಗ್ತಿದ್ಲು."

ಗರಿಗರಿಯಣ್ಣನಿಗೆ ಇದು ಗೊತ್ತಿರಲಿಲ್ಲ. ಅವನು ಎದ್ದು ಹೋಗಿ ಅವಳ ಪಕ್ಕ, ಅದೇ ಕಲ್ಲಿನ ಮೇಲೆ ಕುಳಿತ. ಅವತ್ತು ಅಂಗಡಿ ತೆರೆದದ್ದು ತಡವಾಗಿ.

ಆಮೇಲಿನ ವಾರಗಳಲ್ಲಿ ಮಾಡುವುದಕ್ಕೆ ಹೆಚ್ಚೇನೂ ಇರಲಿಲ್ಲ. ಕಷ್ಟ ಅದೇ. ಪಾರ್ಕಕ್ಕ ವಾರಕ್ಕೊಮ್ಮೆ ಬಂದು ನೋಡಿ ಹೋಗುತ್ತಿದ್ದಳು. ಕೊಂಬೆಯ ತೊಗಟೆಯನ್ನು ಉಗುರಿನಿಂದ ಸ್ವಲ್ಪವೇ ಕೆರೆದು ನೋಡುವುದನ್ನು ಹೆಂಡತಿಗೆ ಹೇಳಿಕೊಟ್ಟಳು. ಒಳಗೆ ಹಸಿರಿದ್ದರೆ ಜೀವ ಇದೆ, ಒಣಗಿ ಕಂದಾಗಿದ್ದರೆ ಇಲ್ಲ. ಮೂರು ವಾರ ಕಾದು, ಜೀವವಿಲ್ಲದ ಐದು ಕೊಂಬೆಗಳನ್ನು ಹರಿತವಾದ ಕತ್ತರಿಯಿಂದ ಕತ್ತರಿಸಿದರು. ಮೊದಲ ಮೊಗ್ಗು ಬಿಟ್ಟ ಕೊಂಬೆಯೂ ಅದರಲ್ಲಿ ಸೇರಿತ್ತು. ಅದನ್ನು ಹೆಂಡತಿಯೇ ಕತ್ತರಿಸಿದಳು. ಇನ್ನೊಬ್ಬರ ಕೈಗೆ ಕೊಡಲಿಲ್ಲ.

ಬೀದಿಯವರು ಬಂದು ಬಂದು ಸಲಹೆ ಕೊಟ್ಟರು. ಒಬ್ಬಳು ಮೊಟ್ಟೆಯ ಸಿಪ್ಪೆ ಎಂದಳು, ಒಬ್ಬ ಚಹಾ ಚರಟ ಎಂದ, ಇನ್ನೊಬ್ಬ ಹಸಿ ಸಗಣಿ ಎಂದ. ಎಲ್ಲರಿಗೂ ಗರಿಗರಿಯಣ್ಣ ಒಂದೇ ಉತ್ತರ ಕೊಟ್ಟ. ಈಗ ಅದಕ್ಕೆ ಏನೂ ಬೇಡವಂತೆ, ಎಂದ. ಯಾರು ಹೇಳಿದ್ದು ಎಂದು ಒಬ್ಬರು ಕೇಳಿದರು. ಗಿಡ, ಎಂದ. ಅವನಿಗೆ ತಲೆ ಕೆಟ್ಟಿದೆ ಎಂದುಕೊಂಡು ಅವರು ಹೋದರು.

ಮಣ್ಣು ಜಾಲಿಸಿದ ಮೇಲೆ ನಲವತ್ತನೆಯ ದಿನವೋ ನಲವತ್ತೊಂದನೆಯ ದಿನವೋ, ಕಾಂಡದಿಂದ ಕೆಳಗಿನ ಕೊಂಬೆ ಕವಲೊಡೆಯುವ ಜಾಗದಲ್ಲಿ ಅಕ್ಕಿಕಾಳಿನಷ್ಟು ಏನೋ ಕಂಡಿತು. ಎರಡು ದಿನದಲ್ಲಿ ಅದು ಚಿಗುರು ಎಂದು ಖಚಿತವಾಯಿತು. ಆಮೇಲೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಪಾರ್ಕಕ್ಕ ಬಂದಾಗ ಗರಿಗರಿಯಣ್ಣ ಚೆನ್ನಾಗಿ ಕಳಿತ ಎಲೆಗೊಬ್ಬರ ಒಂದು ಬುಟ್ಟಿ ತರಿಸಿ ಇಟ್ಟುಕೊಂಡಿದ್ದ. ಹಾಕಿರಲಿಲ್ಲ. ಕೇಳಲೆಂದು ಕಾದಿದ್ದ. ಅವಳು ಗಿಡ ನೋಡಿ, ನನ್ನನ್ನೇನು ಕೇಳುತ್ತೀರಿ, ಮನೆಯೊಡತಿ ಇದ್ದಾಳಲ್ಲ ಎಂದಳು.

ಅವನು ಹೆಂಡತಿಯ ಕಡೆ ತಿರುಗಿದ.

"ಕೊಡ್ಲಾ?"

ಅವಳು ಚಿಗುರನ್ನು ಹತ್ತಿರದಿಂದ ನೋಡಿದಳು. ಎಲೆಗಳು ಇನ್ನೂ ಮಡಿಚಿಕೊಂಡಿದ್ದವು.

"ಈಗ ಬೇಡ. ಎಲೆ ಬಿಚ್ಕೊಳ್ಲಿ. ಆಮೇಲೆ ಇಬ್ರೂ ಸೇರಿ ಕೊಡೋಣ," ಎಂದಳು.

ಎಲೆ ಬಿಚ್ಚಿಕೊಳ್ಳಲು ಹನ್ನೆರಡು ದಿನ ಹಿಡಿಯಿತು. ಹದಿಮೂರನೆಯ ದಿನ ಬೆಳಗ್ಗೆ ಮೊದಲು ನೀರು ಹಾಕಿದರು. ಅವಳು ಎರಡು ಬೊಗಸೆ ಎಲೆಗೊಬ್ಬರವನ್ನು ಕಾಂಡದಿಂದ ದೂರ, ಡ್ರಮ್ಮಿನ ಅಂಚಿನ ಸುತ್ತ ತೆಳ್ಳಗೆ ಹರಡಿದಳು. ಅವನು ಬೆರಳ ತುದಿಯಿಂದ ಮಣ್ಣಿನ ಜೊತೆ ಮೆಲ್ಲಗೆ ಬೆರೆಸಿದ. ಬುಟ್ಟಿಯಲ್ಲಿ ಇನ್ನೂ ಬೇಕಾದಷ್ಟಿತ್ತು. ಅವನು ಅದರ ಮೇಲೆ ಗೋಣಿ ಮುಚ್ಚಿ ಒಳಗಿಟ್ಟ.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಒಂದು ಗಿಡ ಇರುತ್ತದೆ. ಅದರ ಎಲೆ ಹಳದಿಯಾದರೆ ಗೊಬ್ಬರಕ್ಕೆ ಕೈ ಹಾಕುವ ಮೊದಲು ಮಣ್ಣಿಗೆ ಬೆರಳು ಹಾಕಿ. ಒಣಗಿದೆಯೇ, ಕೆಸರಾಗಿದೆಯೇ ನೋಡಿ. ಕುಂಡದ ತೂತು ತೆರೆದಿದೆಯೇ ನೋಡಿ. ಕೆಳಗಿನ ಹಳೆಯ ಎಲೆ ಒಂದೆರಡು ಉದುರಿದರೆ ಗಾಬರಿಯಾಗಬೇಡಿ. ಬಾಡಿದ ಗಿಡಕ್ಕೆ, ಈಗಷ್ಟೇ ಕಿತ್ತು ನೆಟ್ಟ ಗಿಡಕ್ಕೆ, ಒಣ ಮಣ್ಣಿಗೆ, ಉರಿಬಿಸಿಲಿನಲ್ಲಿ ಗೊಬ್ಬರ ಕೊಡಬೇಡಿ. ಮೊದಲು ನೀರು, ಆಮೇಲೆ ಗೊಬ್ಬರ, ಮತ್ತೆ ಸ್ವಲ್ಪ ನೀರು. ಗಿಡ ಚಿಗುರುವ ಕಾಲದಲ್ಲಿ ಕೊಡಿ, ಬುಡಕ್ಕೆ ತಾಗಿಸದೆ ಸುತ್ತಲೂ ಕೊಡಿ. ಅಡುಗೆಮನೆಯ ತರಕಾರಿ ಸಿಪ್ಪೆ, ಒಣ ಎಲೆ ಪೂರ್ತಿ ಕಳಿತು, ವಾಸನೆ ಹೋಗಿ, ಕಪ್ಪು ಮಣ್ಣಿನಂತಾದರೆ ಮನೆಯ ಗಿಡಕ್ಕೆ ಸಾಮಾನ್ಯವಾಗಿ ಅಷ್ಟೇ ಸಾಕು. ಹಸಿ ಸಗಣಿ ಬೇರನ್ನು ಸುಡುತ್ತದೆ.

ಅಂಗಡಿಯ ಗೊಬ್ಬರ ತಂದರೆ ಚೀಲದ ಮೇಲೆ ಬರೆದಿರುವುದನ್ನು ಓದಿ, ಓದಲು ಬರದಿದ್ದರೆ ಓದಿಸಿಕೊಳ್ಳಿ, ನಾಚಿಕೆ ಬೇಡ. ಬರೆದಿರುವ ಅಳತೆಯ ಅರ್ಧದಿಂದ ಶುರು ಮಾಡಿ. ಹಿಡಿಯಲ್ಲಿ ಅಳೆಯಬೇಡಿ, ಚಮಚದಲ್ಲಿ ಅಳೆಯಿರಿ. ಆ ಚಮಚ ಮತ್ತೆ ಅಡುಗೆಮನೆಗೆ ಹೋಗಬಾರದು. ಹೆಸರು ಬರೆಯದ ಪೊಟ್ಟಣವನ್ನು ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ. ಗೊಬ್ಬರವನ್ನು ಅದರದೇ ಚೀಲದಲ್ಲಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಮುಟ್ಟಿದ ಮೇಲೆ ಕೈ ತೊಳೆಯಿರಿ. ಆಗಲೇ ಹೆಚ್ಚು ಹಾಕಿಬಿಟ್ಟಿದ್ದರೆ ಮುಚ್ಚಿಡಬೇಡಿ. ಅವತ್ತೇ ಮೇಲಿನ ಮಣ್ಣು ತೆಗೆದು, ಸಾದಾ ನೀರಿನಲ್ಲಿ ಮಣ್ಣನ್ನು ಜಾಲಿಸಿ, ಗೊತ್ತಿದ್ದವರನ್ನು ಕೇಳಿ. ಒಂದು ದಿನ ಮೊದಲು ಹೇಳಿದರೆ ಒಂದು ಕೊಂಬೆ ಹೆಚ್ಚು ಉಳಿಯುತ್ತದೆ.

ಲಾಂಡ್ರಿಯ ಹಿತ್ತಿಲಿನ ಆ ಗಿಡ ಇನ್ನೂ ಕಾಯಿ ಬಿಟ್ಟಿಲ್ಲ. ಈ ವರ್ಷ ಬಿಡುವುದಿಲ್ಲ, ಮುಂದಿನ ವರ್ಷವೂ ಬಿಡದೆ ಇರಬಹುದು ಎಂದಿದ್ದಾಳೆ ಪಾರ್ಕಕ್ಕ. ಅವರಿಬ್ಬರೂ ದಿನಾ ಬೆಳಗ್ಗೆ ಕಲ್ಲಿನ ಮೇಲೆ ಕುಳಿತು ಅದನ್ನು ನೋಡುತ್ತಾರೆ, ಮಗಳ ಮಾತು ಆಡುತ್ತಾರೆ, ಕೈ ಕಟ್ಟಿಕೊಂಡು ಕಾಯುತ್ತಾರೆ. ನೀವೂ ನಿಮ್ಮ ಗಿಡಕ್ಕೆ ಅಷ್ಟು ಸಮಯ ಕೊಡಿ.